ಗೋಡೆಗೆ ಕೋಟಿ, ಗೋಷ್ಠಿಗೆ ಕಾಸಿಲ್ಲ

ಪಿಎಚ್.ಡಿ. ಪದವಿಯ ಗೊಡವೆ ಮಿಲ್ಲಿನ ಕೂಲಿಗಾರನಿಗೇಕೆ, ಕಿರಾಣಿ ಅಂಗಡಿಯವನಿಗೇಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಅದಕ್ಕೆ ನಮ್ಮ ಉತ್ತರ ಎರಡೇ ಮಾತು. ಮೊದಲನೆಯದು, ಇಂದು ಆ ಪದವಿಗೆ ಹೆಸರು ನೋಂದಾಯಿಸಿರುವವರು ದಿವಾನರ ಮಕ್ಕಳೂ ಜಮೀನುದಾರರ ಮಕ್ಕಳೂ ಮಾತ್ರವಲ್ಲ. ಹಮಾಲಿಯ ಮಗ, ಮಂಡಕ್ಕಿ ಭಟ್ಟಿಯವನ ಮಗಳು, ಶೇಂಗಾ ಬಿಡಿಸುವ ತಾಯಿಯ ಮಕ್ಕಳು ಆ ಸಾಲಿನಲ್ಲಿ ನಿಂತಿದ್ದಾರೆ. ಎರಡನೆಯದು, ಸಂಶೋಧನೆಯ ಹೆಸರಿನಲ್ಲಿ ಸರ್ಕಾರ ಚೆಲ್ಲುವ ಹಣವೆಲ್ಲ ನಾವು ಸೋಪು ಕೊಂಡಾಗ, ಚಪ್ಪಲಿ ಕೊಂಡಾಗ ತೆತ್ತ ತೆರಿಗೆಯದು. ನಮ್ಮ ಮಕ್ಕಳೂ ನಮ್ಮ ಹಣವೂ ಸೇರಿದ ಕಡೆ ನಮಗೆ ಮಾತಿಲ್ಲವೆಂದರೆ ಹೇಗೆ?

ಆದುದರಿಂದ ಈ ವಾರ ಒಂದು ಸಣ್ಣ ಬೇಡಿಕೆಯನ್ನು ಓದುಗರ ಮುಂದಿಡುತ್ತೇವೆ. ಚಿತ್ರದುರ್ಗ, ದಾವಣಗೆರೆ ಸೀಮೆಯ ಸಂಶೋಧಕ ವಿದ್ಯಾರ್ಥಿಗಳು ತಾವೇ ಕೂಡಿ, ತಾವೇ ನಡೆಸುವ ಓದುಕೂಟ, ಚರ್ಚಾಗೋಷ್ಠಿ, ಹಳ್ಳಿ ಸಮೀಕ್ಷೆಗಳಿಗೆ ವಿಶ್ವವಿದ್ಯಾನಿಲಯವು ಐದು ಸಾವಿರ, ಹತ್ತು ಸಾವಿರದ ಸಣ್ಣ ಸಣ್ಣ ಸಹಾಯಧನ ಕೊಡತಕ್ಕದ್ದು. ಅದನ್ನು ದಯೆಯೆಂದು ಕೊಡಬಾರದು, ಆಯವ್ಯಯ ಪಟ್ಟಿಯಲ್ಲಿ ಒಂದು ಸಾಲು ಬರೆದು ಹಕ್ಕಾಗಿ ಕೊಡಬೇಕು.

ವಿದ್ಯೆ ಹತ್ತಿರ ಬಂತು, ಕೂಟ ಬರಲಿಲ್ಲ

ಒಂದು ಕಾಲದಲ್ಲಿ ನಮ್ಮ ಸೀಮೆಯ ಹುಡುಗ ಮೇಲಿನ ಓದಿಗೆ ಮೈಸೂರಿನ ದಾರಿ ಹಿಡಿಯಬೇಕಿತ್ತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. 1987ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಬಂದಾಗ ದಾರಿ ಅರ್ಧವಾಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಆದ ಮೇಲೆ ನಮ್ಮೆರಡು ಜಿಲ್ಲೆಗೂ ಮನೆಯ ಪಕ್ಕದಲ್ಲೇ ವಿಶ್ವವಿದ್ಯಾನಿಲಯ. ಚಿತ್ರದುರ್ಗದ ಹೊರಗೆ ಗುಡ್ಡದ ರಂಗವ್ವನಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. ಐಮಂಗಲದಿಂದ ಬಸ್ಸು ಹತ್ತಿದ ಹುಡುಗಿ ಪಾಠ ಮುಗಿಸಿ ಸಂಜೆಗೆ ಮನೆ ಸೇರಬಹುದು. 2023ರ ಜೂನ್ ತಿಂಗಳಿನಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೀಟಿನ ಹಂಗೂ ಇಲ್ಲ. ಇದು ಸಣ್ಣ ಗೆಲುವಲ್ಲ, ಇದನ್ನು ಒಪ್ಪುತ್ತೇವೆ.

ಆದರೆ ಕಟ್ಟಡ ಹತ್ತಿರ ಬಂದರೆ ವಿದ್ಯೆಯ ಸಂಗ ತಾನಾಗಿ ಬರುವುದಿಲ್ಲ. ಬಿ.ಎ. ಓದುವವನಿಗೆ ತರಗತಿಯಿದೆ, ಪಕ್ಕದಲ್ಲಿ ಕುಳಿತ ಗೆಳೆಯರಿದ್ದಾರೆ. ಸಂಶೋಧನೆಗೆ ಹೋದವನಿಗೆ ಮೊದಲ ಕೆಲವು ತಿಂಗಳ ಪಾಠ ಮುಗಿದ ಮೇಲೆ ತರಗತಿಯೂ ಇಲ್ಲ, ಗಂಟೆಯೂ ಇಲ್ಲ. ಮಾರ್ಗದರ್ಶಕರು ಒಬ್ಬರು, ವಿದ್ಯಾರ್ಥಿ ಒಬ್ಬ. ಸಾಮಾನ್ಯವಾಗಿ ಮೂರರಿಂದ ಆರು ವರ್ಷ ಹೀಗೇ ಕಳೆಯಬೇಕು. ನಡುವೆ ಹೊಟ್ಟೆಪಾಡಿಗೆ ಯಾವುದೋ ತಾಲ್ಲೂಕು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸ. ಬರೆದದ್ದು ಸರಿಯೋ ತಪ್ಪೋ ಕೇಳುವುದು ಯಾರನ್ನು? ಮನೆಯಲ್ಲಿ ತಂದೆಗೆ ತಿಳಿಯದು, ಬೀದಿಯಲ್ಲಿ ಗೆಳೆಯರಿಗೆ ತಿಳಿಯದು. "ಇನ್ನೂ ಎಷ್ಟು ವರ್ಷ ಓದುತ್ತೀಯಪ್ಪಾ" ಎಂಬ ಮಾತೊಂದು ಮಾತ್ರ ಎಲ್ಲರಿಗೂ ತಿಳಿದಿದೆ.

ತಲೆಮಾರುಗಳಿಂದ ಓದಿಕೊಂಡು ಬಂದ ಮನೆಯವನಿಗೆ ಈ ಕಷ್ಟ ಕಡಮೆ. ಅವನ ಚಿಕ್ಕಪ್ಪ ಪ್ರೊಫೆಸರು, ಅತ್ತಿಗೆ ಲೈಬ್ರರಿಯವರು, ತಂದೆಯ ಗೆಳೆಯರು ಪತ್ರಿಕೆಯ ಸಂಪಾದಕರು. ಅವನ ಮನೆಯ ಪಡಸಾಲೆಯೇ ಒಂದು ಚರ್ಚಾಗೋಷ್ಠಿ. ಆ ಪಡಸಾಲೆ ಇಲ್ಲದವನಿಗೆ ಅದನ್ನು ಕಟ್ಟಿಕೊಡುವುದು ಯಾರ ಹೊಣೆ? ವಿಶ್ವವಿದ್ಯಾನಿಲಯದ್ದು ಎಂದು ನಾವು ಹೇಳುತ್ತೇವೆ. ಬುದ್ಧಿ ಕಡಮೆಯಾಗಿ ಓದು ಬಿಟ್ಟವರಿಗಿಂತ ಒಂಟಿತನದಲ್ಲಿ ಎದೆಗುಂದಿ ಬಿಟ್ಟವರೇ ಹೆಚ್ಚೆಂಬುದು ನಮ್ಮ ನಂಬಿಕೆ.

ದೊಡ್ಡ ಹಣ ಎಲ್ಲಿಗೆ ಹೋಗುತ್ತದೆ

ಸರ್ಕಾರದ ಬಳಿ ಹಣವಿಲ್ಲವೆನ್ನುವ ಮಾತನ್ನು ನಾವು ನಂಬುವುದಿಲ್ಲ. 2023ರಲ್ಲಿ ಪಾರ್ಲಿಮೆಂಟು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಮಾಡಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಆಗ ಹೇಳಲಾಯಿತು. ಅದರಲ್ಲಿ ಬಹುಪಾಲು ಖಾಸಗಿಯವರಿಂದ ಬರುವುದೆಂದೂ ಹೇಳಲಾಯಿತು. ನಮ್ಮ ಜಿಲ್ಲೆಯನ್ನೇ ನೋಡೋಣ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ 2010ರ ಆಸುಪಾಸಿಗೆ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆಯಿತು. ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಇಲಾಖೆಗಳಿಗೂ ಸೇರಿ ಸಾವಿರಾರು ಎಕರೆ ಹೋಯಿತು. ಕುರಿ ಮೇಯುತ್ತಿದ್ದ ಹುಲ್ಲುಗಾವಲಿಗೆ ಗೋಡೆ ಬಿತ್ತು. ಹಳ್ಳಿಯವರು ಹಸಿರು ನ್ಯಾಯಪೀಠದವರೆಗೂ ಹೋದರು.

ದೇಶಕ್ಕೆ ವಿಜ್ಞಾನ ಬೇಕು. ಅದನ್ನು ನಾವು ಅಲ್ಲಗಳೆಯುವವರಲ್ಲ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರಿಗೆ ತರಬೇತಿ ನಡೆದದ್ದೂ ಒಳ್ಳೆಯ ಕೆಲಸವೇ. ಆದರೆ ಚಿತ್ರದುರ್ಗದ ಜನ ಸಂಶೋಧನೆಯ ಸಲುವಾಗಿ ಹುಲ್ಲುಗಾವಲನ್ನೇ ಕೊಟ್ಟ ಮೇಲೆ, ಚಿತ್ರದುರ್ಗದ ಸಂಶೋಧಕ ಹುಡುಗನಿಗೆ ಹತ್ತು ಜನ ಕೂತು ಮಾತಾಡಲು ಒಂದು ಜಮಖಾನ, ಒಂದು ಲೋಟ ಚಹ ಕೇಳುವ ಹಕ್ಕಿಲ್ಲವೆ?

ವಿದ್ಯಾರ್ಥಿ ವೇತನದ ಕತೆಯನ್ನೂ ನೋಡಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸಾಲಿಗೆ ಬಂದ ಕೆಲವರಿಗೆ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಯಿತು. ಅದು ಸ್ವಾಗತಾರ್ಹ. ಆ ಪರೀಕ್ಷೆಯಲ್ಲಿ ವೇತನ ದೊರೆಯದವರಿಗೆ ಯು.ಜಿ.ಸಿ.ಯು ಕೇಂದ್ರ ವಿಶ್ವವಿದ್ಯಾನಿಲಯಗಳಲ್ಲಿ ತಿಂಗಳಿಗೆ 8,000 ಕೊಡುತ್ತಿತ್ತು. 2015ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಯು.ಜಿ.ಸಿ. ಕಚೇರಿಯ ಮುಂದೆ ಹಗಲಿರುಳು ಕುಳಿತರು. ಸರ್ಕಾರ ಹಿಂದೆ ಸರಿಯಬೇಕಾಯಿತು. ಆದರೆ ಆ 8,000ವೂ ಕೇಂದ್ರ ವಿಶ್ವವಿದ್ಯಾನಿಲಯದವರಿಗೆ ಮಾತ್ರ. ದಾವಣಗೆರೆಯಂಥ ರಾಜ್ಯ ವಿಶ್ವವಿದ್ಯಾನಿಲಯದ ಹುಡುಗ ಆ ಲೆಕ್ಕಕ್ಕೆ ಸೇರಿದವನಲ್ಲ. ಒಂದೇ ದೇಶ, ಒಂದೇ ಪದವಿ. ಅನ್ನ ಮಾತ್ರ ಎರಡು ತಟ್ಟೆ.

ನಿಯಮಗಳ ವಿನೋದ ಇನ್ನೊಂದಿದೆ. 2016ರ ನಿಯಮದಂತೆ ಮಹಾಪ್ರಬಂಧ ಒಪ್ಪಿಸುವ ಮುನ್ನ ಪತ್ರಿಕೆಯೊಂದರಲ್ಲಿ ಒಂದು ಲೇಖನ ಅಚ್ಚಾಗಬೇಕು, ಸಮ್ಮೇಳನಗಳಲ್ಲಿ ಎರಡು ಪ್ರಬಂಧ ಓದಬೇಕು ಎಂದಿತ್ತು. ಇದರಿಂದ ಬದುಕಿದವರು ಯಾರು? ಶುಲ್ಕ ಕಟ್ಟಿಸಿಕೊಂಡು ಸರ್ಟಿಫಿಕೇಟು ಹಂಚುವ ಸಮ್ಮೇಳನದ ವ್ಯಾಪಾರಿಗಳು, ಹಣ ಪಡೆದು ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳು. ಬಡ ವಿದ್ಯಾರ್ಥಿ ಸಾಲ ಮಾಡಿ ಊರೂರಿಗೆ ಹೋಗಿ, ಐದು ನಿಮಿಷ ಓದಿ, ಫೋಟೋ ತೆಗೆಸಿಕೊಂಡು ಬಂದ. ಕೇಳಿದವರು ಯಾರೂ ಇಲ್ಲ. 2022ರ ನಿಯಮದಲ್ಲಿ ಆ ಕಡ್ಡಾಯವನ್ನು ತೆಗೆದರು. ತೆಗೆದದ್ದು ಒಳ್ಳೆಯದೇ. ಆದರೆ ಸುಳ್ಳು ಗೋಷ್ಠಿಯನ್ನು ತೆಗೆದ ಜಾಗದಲ್ಲಿ ನಿಜವಾದ ಗೋಷ್ಠಿಯನ್ನು ಇಡಬೇಡವೆ? ಖಾಲಿ ಜಾಗದಲ್ಲಿ ಮತ್ತೆ ವ್ಯಾಪಾರಿಯೇ ಅಂಗಡಿ ತೆರೆಯುತ್ತಾನೆ.

ಸಣ್ಣ ಕೂಟದಿಂದ ದೊಡ್ಡ ಕೆಲಸ

ಹತ್ತು ಜನ ಕೂಡಿದರೆ ಏನಾದೀತು ಎಂದು ಮೂಗು ಮುರಿಯುವವರಿಗೆ ಕನ್ನಡ ನಾಡಿನ ಚರಿತ್ರೆಯೇ ಉತ್ತರ ಹೇಳುತ್ತದೆ. ನೂರು ವರ್ಷಕ್ಕೂ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವೆಂಬ ಒಂದು ಕೂಟ ಹುಟ್ಟಿತು. ಎ. ಆರ್. ಕೃಷ್ಣಶಾಸ್ತ್ರಿಗಳು ಮುಂದೆ ನಿಂತರು. ಅದು ಇಂಗ್ಲಿಷಿನದೇ ದರ್ಬಾರಿನ ಕಾಲ. ಆ ಕಾಲೇಜು ಸಂಘದಿಂದ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಟಿತು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಕನ್ನಡದ ಎಷ್ಟೋ ಬರೆಹಗಾರರಿಗೆ, ವಿದ್ವಾಂಸರಿಗೆ ಅದು ಅಂಗಳವಾಯಿತು. ಕೂಟ ಮೊದಲು, ಸಂಸ್ಥೆ ಆಮೇಲೆ ಎಂಬುದನ್ನು ಗಮನಿಸಬೇಕು.

ಕಲ್ಕತ್ತೆಯಲ್ಲಿ 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ಜನರಿಂದ ಚಂದಾ ಎತ್ತಿ ಒಂದು ವಿಜ್ಞಾನ ಸಂಘ ಕಟ್ಟಿದರು. ಮೂವತ್ತು ವರ್ಷದ ಮೇಲೆ ಲೆಕ್ಕಪತ್ರ ಇಲಾಖೆಯ ನೌಕರಿಯಲ್ಲಿದ್ದ ತರುಣನೊಬ್ಬ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಅಲ್ಲಿಗೆ ಬಂದು ಪ್ರಯೋಗ ಮಾಡತೊಡಗಿದ. ಆ ತರುಣನೇ ಸಿ. ವಿ. ರಾಮನ್. 1928ರಲ್ಲಿ ಅಲ್ಲಿಯೇ ಕಂಡ ಬೆಳಕಿನ ಗುಟ್ಟಿಗೆ 1930ರಲ್ಲಿ ನೊಬೆಲ್ ಬಹುಮಾನ ಬಂತು. ಹತ್ತು ಸಾವಿರ ಕೊಟ್ಟರೆ ಗುಡ್ಡದ ರಂಗವ್ವನಹಳ್ಳಿಯಲ್ಲಿ ನೊಬೆಲ್ ಬಹುಮಾನ ಬೆಳೆಯುತ್ತದೆಂದು ನಾವು ಹೇಳುತ್ತಿಲ್ಲ. ತೆರೆದ ಬಾಗಿಲು, ಒಂದು ಮೇಜು, ಮಾತಾಡಲು ನಾಲ್ಕು ಜನ ಇಲ್ಲದೆ ಯಾವ ವಿದ್ಯೆಯೂ ಬೆಳೆಯದು ಎಂಬುದಷ್ಟೇ ನಮ್ಮ ಮಾತು.

ನಮ್ಮ ದುರ್ಗದಲ್ಲೇ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಊರೂರು ತಿರುಗಿ ಓಲೆಗರಿ, ಹಳೆಯ ಕಾಗದ, ನಾಣ್ಯಗಳನ್ನು ಕೂಡಿಸಿ ಪಾಳೆಯಗಾರರ ಚರಿತ್ರೆಗೆ ಆಧಾರ ಒದಗಿಸಿದರು. ಅವರ ಮುಂದೆ ದೊಡ್ಡ ಅನುದಾನ ಇರಲಿಲ್ಲ. ಊರಿನ ವಿಶ್ವಾಸ ಇತ್ತು. ಇಂದಿನ ವಿದ್ಯಾರ್ಥಿಗೆ ಆ ವಿಶ್ವಾಸವನ್ನೂ ಸ್ವಲ್ಪ ಬಸ್ ಚಾರ್ಜನ್ನೂ ಕೊಟ್ಟರೆ ಆಗುವ ಕೆಲಸ ಎಷ್ಟೋ ಇದೆ.

ಐಮಂಗಲದಲ್ಲಿ ಒಂದು ಗೋಷ್ಠಿ

ಉದಾಹರಣೆಗೆ ಐಮಂಗಲವನ್ನೇ ತೆಗೆದುಕೊಳ್ಳಿ. ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ ಹೆದ್ದಾರಿಯ ಮೇಲಿರುವ ಹೋಬಳಿ ಊರು. ಎರಡೂ ಕಡೆಯಿಂದ ಬಸ್ಸಿದೆ. ಇಲ್ಲಿ ಮಳೆ ಕಡಮೆ, ಕೊಳವೆಬಾವಿ ಆಳ; ಜಿಲ್ಲೆಯ ಅನೇಕ ಹಳ್ಳಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಸಮೀಪದಲ್ಲೇ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಆ ಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಿತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಈ 89 ವರ್ಷ ನೀರು ಎಲ್ಲಿ ಹೋಯಿತು, ಯಾವ ಬೆಳೆ ಅಳಿಯಿತು, ಯಾವ ಬೆಳೆ ಬಂತು, ಗುಡ್ಡದ ಮೇಲೆ ಗಾಳಿಯಂತ್ರ ನಿಂತ ಮೇಲೆ ರೈತನಿಗೆ ಏನು ದಕ್ಕಿತು? ಇವು ನಮ್ಮ ಬಾಳಿನ ಪ್ರಶ್ನೆಗಳು. ಇವುಗಳಿಗೆ ಉತ್ತರ ಹುಡುಕುವವರು ಯಾರು?

ಭೂಗರ್ಭಶಾಸ್ತ್ರದ ಒಬ್ಬ, ಅರ್ಥಶಾಸ್ತ್ರದ ಒಬ್ಬಳು, ಚರಿತ್ರೆಯ ಒಬ್ಬ, ಕನ್ನಡದ ಒಬ್ಬಳು, ಹೀಗೆ ಎಂಟು ಹತ್ತು ಸಂಶೋಧಕ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಐಮಂಗಲದ ಶಾಲೆಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಕೂಡಲಿ. ತಾವು ಬರೆದ ಅಧ್ಯಾಯವನ್ನು ಒಬ್ಬರು ಓದಲಿ, ಉಳಿದವರು ತಪ್ಪು ಹಿಡಿಯಲಿ. ಊರವರೂ ಕೂತು ಕೇಳಲಿ. "ನೀನು ಬರೆದ ಶೇಂಗಾ ಧಾರಣೆ ಸುಳ್ಳು ಕಣಪ್ಪ, ಆ ವರ್ಷ ಕಾಯಿಗೆ ಕೇಳುವವರೇ ಇರಲಿಲ್ಲ" ಎಂದು ಒಬ್ಬ ಮುದುಕ ಎದ್ದು ಹೇಳಿದರೆ, ಅದಕ್ಕಿಂತ ದೊಡ್ಡ ಪರೀಕ್ಷಕ ಎಲ್ಲಿ ಸಿಕ್ಕಾನು?

ಇಲ್ಲಿಯೇ ನಮ್ಮ ಓದುಗರ ಪಾಲೂ ಬರುತ್ತದೆ. ಸಣ್ಣ ವ್ಯಾಪಾರಿಯ ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿರುವ ಹಳೆಯ ಕಿರ್ದಿ ಪುಸ್ತಕವಿದೆಯಲ್ಲ, ಅದರಲ್ಲಿ ಐವತ್ತು ವರ್ಷದ ಜೋಳದ ಧಾರಣೆಯಿದೆ, ಬರಗಾಲದ ಉದ್ದರಿಯ ಲೆಕ್ಕವಿದೆ. ಸರ್ಕಾರದ ಯಾವ ವರದಿಯಲ್ಲೂ ಸಿಗದ ಸತ್ಯ ಅದು. 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಆ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಾಳಿಯ ಸೈರನ್ನು ಕೇಳಿ ಎದ್ದವರು, ಮುಷ್ಕರದಲ್ಲಿ ಹಸಿದವರು ಇಂದು ಮುದುಕರಾಗಿದ್ದಾರೆ. ಅವರ ಬಾಯಿಂದ ಆ ಚರಿತ್ರೆಯನ್ನು ಬರೆದುಕೊಳ್ಳುವ ಕಾಲ ಇನ್ನು ಹತ್ತು ವರ್ಷವೂ ಇಲ್ಲ. ಮಾಲೀಕನ ಚರಿತ್ರೆ ಅವನ ಪುತ್ಥಳಿಯ ಕೆಳಗೆ ಕಲ್ಲಿನಲ್ಲಿ ಕೆತ್ತಿ ಉಳಿಯುತ್ತದೆ. ಕಾರ್ಮಿಕನ ಚರಿತ್ರೆ ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಹೋಗಬಾರದೆಂದಿದ್ದರೆ ಕಾರ್ಮಿಕನ ಮಗ ಪೆನ್ನು ಹಿಡಿದು ಅವನ ಮನೆ ಬಾಗಿಲಿಗೆ ಬರಬೇಕು. ಆ ಬಾಗಿಲಿಗೆ ಬರುವ ಬಸ್ ಚಾರ್ಜೇ ನಾವು ಕೇಳುತ್ತಿರುವ ಸಹಾಯಧನ.

ಲೆಕ್ಕ ಹೀಗಿದೆ

ವರ್ಷಕ್ಕೆ 20 ಕೂಟ, ಕೂಟಕ್ಕೆ 10,000 ರೂಪಾಯಿ. ಒಟ್ಟು ಎರಡು ಲಕ್ಷ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. ಒಂದೇ ಜಿಲ್ಲೆಯ ಮೇಲೆ ಹಾಕಿದರೂ ತಲೆಗೆ ವರ್ಷಕ್ಕೆ 12 ಪೈಸೆ. ಬೆಂಕಿಪೆಟ್ಟಿಗೆಯ ಕಡ್ಡಿ ನಾಲ್ಕು ಬಾರದು! ಹೂಮಾಲೆ, ಶಾಲು, ಪೆಂಡಾಲು, ಊಟ ಎಂದು ದೊಡ್ಡವರ ಒಂದು ವಿಚಾರ ಸಂಕಿರಣಕ್ಕೆ ಖರ್ಚಾಗುವ ಹಣದಲ್ಲಿ ಇಂಥ ಎಷ್ಟು ಕೂಟ ನಡೆದಾವು ಎಂಬುದನ್ನು ಓದುಗರೇ ಎಣಿಸಲಿ.

ಹಣ ಸಣ್ಣದಾದರೂ ಕೊಡುವ ರೀತಿ ಸರಿಯಿರಬೇಕು. ನಮ್ಮ ಸಲಹೆಗಳು ಇವು.

ಒಂದು, ಅರ್ಜಿ ಒಂದು ಪುಟ ಮೀರಬಾರದು. ಕನ್ನಡದಲ್ಲಿ ಬರೆದರೆ ಒಪ್ಪಬೇಕು.

ಎರಡು, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳೇ ಹೆಚ್ಚಿರಬೇಕು. ಹದಿನೈದು ದಿನದೊಳಗೆ ಹೌದು ಅಥವಾ ಇಲ್ಲ ಎನ್ನಬೇಕು.

ಮೂರು, ಹಣ ಮುಂಗಡವಾಗಿ ಕೊಡಬೇಕು. "ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ಲು ತನ್ನಿ" ಎಂಬ ಪದ್ಧತಿ ಕೈಯಲ್ಲಿ ಕಾಸಿದ್ದವನಿಗೆ ಮಾತ್ರ ಸಹಾಯ. ಜೇಬಿನಲ್ಲಿ ನೂರು ರೂಪಾಯಿ ಇಲ್ಲದವನು ಹತ್ತು ಸಾವಿರ ಎಲ್ಲಿಂದ ಹಾಕಿಯಾನು? ಬಡ್ಡಿ ಸಾಲದಿಂದಲೆ?

ನಾಲ್ಕು, ಲೆಕ್ಕವನ್ನು ವಿಭಾಗದ ಗೋಡೆಗೆ ಅಂಟಿಸಬೇಕು. ಚಹದ ಲೆಕ್ಕವೂ ಎಲ್ಲರ ಕಣ್ಣಿಗೆ ಬೀಳಲಿ.

ಐದು, ಹೆಣ್ಣುಮಕ್ಕಳು ಬರುವಂತೆ ಗೋಷ್ಠಿ ಹಗಲು ಹೊತ್ತಿನಲ್ಲಿ ನಡೆಯಬೇಕು, ಕೊನೆಯ ಬಸ್ಸಿಗೆ ಮುಂಚೆ ಮುಗಿಯಬೇಕು.

ಆರು, ಮೂರರಲ್ಲಿ ಒಂದು ಕೂಟವಾದರೂ ವಿಶ್ವವಿದ್ಯಾನಿಲಯದ ಗೇಟಿನ ಹೊರಗೆ, ಹಳ್ಳಿಯಲ್ಲೋ ಸಂತೆಯಲ್ಲೋ ಕಾರ್ಮಿಕ ಕೇರಿಯಲ್ಲೋ ನಡೆಯಬೇಕು.

ಎತ್ತಬಹುದಾದ ಆಕ್ಷೇಪಣೆಗಳು

ಹುಡುಗರ ಕೈಗೆ ಹಣ ಕೊಟ್ಟರೆ ಪೋಲಾಗುತ್ತದೆ ಎನ್ನುವವರಿದ್ದಾರೆ. ಕೆಲವು ಕಡೆ ಆಗಬಹುದು. ಆದರೆ ಹತ್ತು ಸಾವಿರ ಪೋಲಾದರೆ ಹೋದದ್ದು ಹತ್ತು ಸಾವಿರ. ದೊಡ್ಡವರ ಕೈಯಲ್ಲಿ ಪೋಲಾಗುವುದಕ್ಕೆ ಸೊನ್ನೆಗಳು ಹೆಚ್ಚು. ಗಣೇಶನ ಹಬ್ಬಕ್ಕೆ ಚಂದಾ ಎತ್ತಿ ಕಾಸು ಕಾಸಿಗೂ ಲೆಕ್ಕ ಒಪ್ಪಿಸುವ ನಮ್ಮ ಬೀದಿಯ ಹುಡುಗರನ್ನು ನಂಬುವ ನಾವು, ಎಂ.ಎ. ಮುಗಿಸಿದ ವಿದ್ಯಾವಂತರನ್ನು ನಂಬಬಾರದೆ?

ಕೂಟ ಕಟ್ಟಿದರೆ ರಾಜಕೀಯ ಬರುತ್ತದೆ, ಓದು ಕೆಡುತ್ತದೆ ಎನ್ನುವವರೂ ಇದ್ದಾರೆ. ಈ ಮಾತು ನಮ್ಮ ಕಾರ್ಮಿಕ ಓದುಗರಿಗೆ ಹೊಸದಲ್ಲ. ಸಂಘ ಕಟ್ಟಿದರೆ ಕೆಲಸ ಕೆಡುತ್ತದೆ ಎಂದು ಮಾಲೀಕರು 1926ರ ಕಾರ್ಮಿಕ ಸಂಘಗಳ ಕಾನೂನಿಗೆ ಮುಂಚೆಯೂ ಹೇಳಿದರು, ಆಮೇಲೂ ಹೇಳಿದರು. ಸಂಘ ಕಟ್ಟಿದವನು ಕೆಲಸವನ್ನೂ ಉಳಿಸಿದ, ಮರ್ಯಾದೆಯನ್ನೂ ಉಳಿಸಿಕೊಂಡ. ಒಂಟಿಯಾಗಿ ತಲೆತಗ್ಗಿಸಿ ನಿಂತ ವಿದ್ಯಾರ್ಥಿಗಿಂತ, ನಾಲ್ವರ ನಡುವೆ ತನ್ನ ಮಾತನ್ನು ವಾದಿಸಿ ನಿಲ್ಲಿಸಿದ ವಿದ್ಯಾರ್ಥಿಯ ಪ್ರಬಂಧವೇ ಗಟ್ಟಿ.

ಇನ್ನೊಂದು ಆಕ್ಷೇಪಣೆ ಇದೆ, ಅದು ಹಗುರವಾದುದಲ್ಲ. ಹಳ್ಳಿಯ ಶಾಲೆಗೆ ಮೇಷ್ಟ್ರಿಲ್ಲದಿರುವಾಗ ಸಂಶೋಧಕರ ಚಹಕ್ಕೆ ಹಣವೆ? ನ್ಯಾಯವಾದ ಕೇಳಿಕೆ. ಶಾಲೆಗೆ ಮೇಷ್ಟ್ರು ಬೇಕು, ಮೊದಲು ಬೇಕು. ಆದರೆ ಈ ಎರಡು ಲಕ್ಷವನ್ನು ಉಳಿಸಿದರೆ ಆ ಮೇಷ್ಟ್ರು ಬಂದಾರೆಂದು ಯಾರಾದರೂ ನಂಬುವಿರಾ? ಬಡವರ ಒಂದು ಬೇಡಿಕೆಯನ್ನು ಇನ್ನೊಂದು ಬೇಡಿಕೆಯ ಮೇಲೆ ಎತ್ತಿಕಟ್ಟುವುದು ಆಳುವವರ ಹಳೆಯ ಚಾಳಿ. ನಾಳೆ ಆ ಶಾಲೆಗೆ, ಆ ಕಾಲೇಜಿಗೆ ಪಾಠ ಹೇಳಲು ಹೋಗುವವರೂ ಇದೇ ವಿದ್ಯಾರ್ಥಿಗಳೇ ಎಂಬುದನ್ನೂ ಮರೆಯಬಾರದು.

ಆದರೂ ಒಂದು ಎಚ್ಚರಿಕೆಯ ಮಾತು. ಈ ಸಣ್ಣ ಹಣ ವಿದ್ಯಾರ್ಥಿ ವೇತನಕ್ಕೆ ಬದಲಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ. "ಗೋಷ್ಠಿಗೆ ಕೊಟ್ಟಿದ್ದೇವಲ್ಲ" ಎಂದು ಸರ್ಕಾರ ತಿಂಗಳ ವೇತನದ ಮಾತನ್ನು ಮರೆಸಲು ನೋಡಿದರೆ ನಾವು ಒಪ್ಪುವುದಿಲ್ಲ. ರಾಜ್ಯ ವಿಶ್ವವಿದ್ಯಾನಿಲಯದ ಪ್ರತಿಯೊಬ್ಬ ಪೂರ್ಣಾವಧಿ ಸಂಶೋಧಕನಿಗೂ ಬಾಳುವಷ್ಟು ವೇತನ ಸಿಗಬೇಕೆಂಬುದು ದೊಡ್ಡ ಬೇಡಿಕೆ. ಅದು ನಿಂತೇ ಇರುತ್ತದೆ. ಕೂಟ ಬೆಳೆದಷ್ಟೂ ಆ ಬೇಡಿಕೆಗೆ ಬಾಯಿ ಬರುತ್ತದೆ. 2015ರಲ್ಲಿ ದೆಹಲಿಯ ಬೀದಿಯಲ್ಲಿ ಕುಳಿತವರು ಒಬ್ಬೊಬ್ಬರೇ ಹೋಗಿ ಕುಳಿತವರಲ್ಲ.

ವಿಶ್ವವಿದ್ಯಾನಿಲಯದ ಸಿಂಡಿಕೇಟಿನವರು ಮುಂದಿನ ಆಯವ್ಯಯದಲ್ಲಿ ಈ ಎರಡು ಲಕ್ಷದ ಸಾಲನ್ನು ಬರೆಯಲಿ. ನಮ್ಮ ಶಾಸಕರು ಮತ ಕೇಳಲು ಬಂದಾಗ ಸಾಲು ಬರೆಸಿದಿರಾ ಎಂದು ಓದುಗರು ಕೇಳಲಿ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗದ ವರ್ತಕರು ವಾರದ ರಜೆಯ ದಿನ ತಮ್ಮ ಸಂಘದ ಕೊಠಡಿಯ ಬೀಗದ ಕೈಯನ್ನು ಈ ಹುಡುಗರಿಗೆ ಕೊಡಬಹುದು. ಎಣ್ಣೆ ಗಿರಣಿಯ, ಅಕ್ಕಿ ಗಿರಣಿಯ ಕಾರ್ಮಿಕರು ತಮ್ಮ ಸಂಘದ ಹಳೆಯ ನಡವಳಿ ಪುಸ್ತಕ ತೆರೆದಿಡಬಹುದು. ಅಟ್ಟದ ಮೇಲಿನ ಕಿರ್ದಿಯನ್ನು ರದ್ದಿಗೆ ಹಾಕುವ ಮುನ್ನ ಒಂದು ಸಲ ಯೋಚಿಸಬಹುದು. ಮಗಳು ಸಂಶೋಧನೆಗೆ ಹೊರಟಳೆಂದರೆ "ಇನ್ನೂ ಎಷ್ಟು ವರ್ಷ" ಎಂದು ಕೇಳುವ ಬದಲು "ಏನು ಬರೆಯುತ್ತಿದ್ದೀಯಮ್ಮ, ನಮಗೂ ಸ್ವಲ್ಪ ಹೇಳು" ಎಂದು ಕೇಳಬಹುದು. ಇದಕ್ಕೆ ಯಾವ ಸರ್ಕಾರದ ಮಂಜೂರಾತಿಯೂ ಬೇಕಿಲ್ಲ.